ಗೇಟಿನ ಫಲಕದಲ್ಲಿದ್ದ ಪಾಸ್‌ವರ್ಡ್: ಹಾಸನದ ಒಂದು ಮನೆಯ ವೈಫೈ ಪ್ರಕರಣ

ಹಾಸನದಲ್ಲಿರುವ ನಮ್ಮ ದೊಡ್ಡಪ್ಪನ ಮನೆಯ ಗೇಟಿಗೆ ಒಂದು ತಗಡಿನ ಫಲಕ ಕಟ್ಟಿದೆ. ನೀಲಿ ಬಣ್ಣದ ಮೇಲೆ ಬಿಳಿ ಅಕ್ಷರಗಳಲ್ಲಿ ‘ಎಸ್‌ಎಸ್‌ಎಲ್‌ಸಿ ಗಣಿತ ಮನೆಪಾಠ’ ಎಂದು ಬರೆದು, ಕೆಳಗೆ ದೊಡ್ಡಪ್ಪನ ಹೆಸರು, ಅದರ ಕೆಳಗೆ ಹತ್ತು ಅಂಕಿಯ ಮೊಬೈಲ್ ಸಂಖ್ಯೆ ಬರೆಸಿದ್ದಾರೆ. ಆ ಮನೆಯ ವೈಫೈಗೆ ಇದ್ದದ್ದೂ ದೊಡ್ಡಪ್ಪನ ಹೆಸರೇ. ಪಾಸ್‌ವರ್ಡ್ ಕೂಡ ಅದೇ ಮೊಬೈಲ್ ಸಂಖ್ಯೆ. ಮೂರೂವರೆ ವರ್ಷ ಅದು ಹಾಗೆಯೇ ಬೀದಿಗೆ ಮುಖ ಮಾಡಿಕೊಂಡು ನಿಂತಿತ್ತು, ಯಾರೂ ಅದನ್ನು ಪಾಸ್‌ವರ್ಡ್ ಎಂದು ಓದಿರಲಿಲ್ಲ. ಅಥವಾ ಓದಿದವರು ನಮಗೆ ಹೇಳಿರಲಿಲ್ಲ.

ನಾನು ಬೆಂಗಳೂರಿನಲ್ಲಿ ಕಂಪ್ಯೂಟರ್ ಜಾಲಗಳ ಕೆಲಸ ಮಾಡುವವಳು. 2024ರ ಸಂಕ್ರಾಂತಿಗೆ ಹಾಸನಕ್ಕೆ ಹೋದಾಗ ದೊಡ್ಡಮ್ಮ ಚೀಲ ಇಳಿಸುವ ಮೊದಲೇ ದೂರು ಹೇಳಿದರು. ಸಂಜೆ ಏಳಕ್ಕೆ ಜರ್ಮನಿಯಿಂದ ಅವರ ಮಗಳು ವಿಡಿಯೋ ಕರೆ ಮಾಡುತ್ತಾಳೆ. ಅಲ್ಲಿ ಆಗ ಮಧ್ಯಾಹ್ನ ಎರಡೂವರೆ, ಮೊಮ್ಮಗ ಶಿಶುವಿಹಾರದಿಂದ ಆಗಷ್ಟೇ ಬಂದಿರುತ್ತಾನೆ. ಅವನು ಏನನ್ನಾದರೂ ತೋರಿಸಲು ಕೈ ಎತ್ತಿದರೆ ಕೈ ಅಲ್ಲೇ ನಿಂತುಬಿಡುತ್ತದೆ, ಮಾತು ಮುರಿದು ಮುರಿದು ಬರುತ್ತದೆ. ಬೆಳಿಗ್ಗೆ ಎಲ್ಲ ಸರಿಯಾಗಿರುತ್ತದೆ. ಸಂಪರ್ಕ ಕೊಟ್ಟ ಕಂಪನಿಗೆ ಮೂರು ಸಲ ದೂರು ಕೊಟ್ಟಾಗಿತ್ತು. ತಂತ್ರಜ್ಞರು ಬಂದು ಫೈಬರ್ ತಂತಿಯ ತುದಿ ಬದಲಿಸಿ, ಲೈನ್ ಚೆನ್ನಾಗಿದೆ ಎಂದು ಹೇಳಿ ಹೋಗಿದ್ದರು.

ಅವರು ಹೇಳಿದ್ದು ನಿಜವಾಗಿತ್ತು. ಅದೇ ದಿನ ಸಂಜೆ ಏಳಕ್ಕೆ ನನ್ನ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ರೂಟರ್‌ಗೆ ಜೋಡಿಸಿ, ರೂಟರಿನ ವೈಫೈ ಬಂದ್ ಮಾಡಿ ವೇಗ ಅಳೆದೆ. 50 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗದ ಯೋಜನೆಯಲ್ಲಿ 48 ಬರುತ್ತಿತ್ತು. ವೈಫೈ ಹಚ್ಚಿ ಐದು ನಿಮಿಷ ಬಿಟ್ಟು ಅಳೆದರೆ 4ಕ್ಕೆ ಇಳಿಯಿತು. ರೋಗ ಬೀದಿಯ ತಂತಿಯಲ್ಲಿ ಇರಲಿಲ್ಲ, ಮನೆಯೊಳಗೇ ಇತ್ತು. ಸಂಜೆ ಮಾತ್ರ ನೆಟ್ ನಿಧಾನ ಎನ್ನುವವರೆಲ್ಲ ಕಂಪನಿಗೆ ಕರೆ ಮಾಡುವ ಮೊದಲು ಈ ಅಳತೆಯನ್ನು ಮಾಡಿ ನೋಡಬೇಕು. ಹತ್ತು ನಿಮಿಷದಲ್ಲಿ ಎಲ್ಲಿ ಹುಡುಕಬೇಕೆಂದು ತಿಳಿಯುತ್ತದೆ.

ರೂಟರ್ ಒಳಗೆ ಕಂಡದ್ದು

ಬ್ರೌಸರ್‌ನಲ್ಲಿ 192.168.1.1 ಎಂದು ಒತ್ತಿ ರೂಟರ್‌ನ ಪುಟ ತೆರೆದೆ. ಬಳಕೆದಾರರ ಹೆಸರು ‘ಅಡ್ಮಿನ್’, ಪಾಸ್‌ವರ್ಡ್ ‘ಅಡ್ಮಿನ್’. ಪೆಟ್ಟಿಗೆಯ ಬೆನ್ನಿನ ಚೀಟಿಯಲ್ಲಿ ಅಚ್ಚಾಗಿದ್ದದ್ದು ಅದೇ, 2020ರ ಲಾಕ್‌ಡೌನ್‌ನಲ್ಲಿ ಆನ್‌ಲೈನ್ ಪಾಠಕ್ಕೆಂದು ಸಂಪರ್ಕ ಪಡೆದ ದಿನದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಜೋಡಣೆಯಾದ ಸಾಧನಗಳ ಪಟ್ಟಿಯಲ್ಲಿ 31 ಸಾಲುಗಳಿದ್ದವು. ದೊಡ್ಡಪ್ಪ, ದೊಡ್ಡಮ್ಮ ಮತ್ತು ನಾನು ಕೂತು ಲೆಕ್ಕ ಹಾಕಿದರೆ ಮನೆಯವು ಎಂದು ಗುರುತಿಸಲು ಆದದ್ದು ಒಂಬತ್ತು.

ಉಳಿದವು ಯಾರವು ಎಂಬುದು ಹೊರಗಿನ ಜಗಲಿಯಲ್ಲೇ ಕೂತಿತ್ತು. ಐದೂವರೆಯಿಂದ ಏಳೂವರೆಯ ತನಕ ಎರಡು ತಂಡಗಳಲ್ಲಿ ಮಕ್ಕಳು ಪಾಠಕ್ಕೆ ಬರುತ್ತಾರೆ. ದೊಡ್ಡಪ್ಪ ಪ್ರಶ್ನೆಪತ್ರಿಕೆಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ; ಡೇಟಾ ಮುಗಿದ ಮಗು ಹಿಂದೆ ಬೀಳಬಾರದೆಂದು ಅವರೇ ಒಂದಿಬ್ಬರಿಗೆ ಪಾಸ್‌ವರ್ಡ್ ಕೊಟ್ಟಿದ್ದರು. ಆ ಒಂದಿಬ್ಬರಿಂದ ಮುಂದಕ್ಕೆ ಅದು ಹರಡಲು ಅವರ ಅಪ್ಪಣೆ ಬೇಕಿರಲಿಲ್ಲ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಈಚೆಗೆ, ಜೋಡಣೆಯಾದ ಫೋನಿನಲ್ಲಿ ಕ್ಯುಆರ್ ಕೋಡ್ ತೋರಿಸಿದರೆ ಪಕ್ಕದ ಫೋನ್ ಕ್ಷಣದಲ್ಲಿ ಒಳಗೆ ಬರುತ್ತದೆ. ಜಾಲ ಸೇರಿದ ಮಕ್ಕಳಲ್ಲಿ ಹೆಚ್ಚಿನವರು ಆ ಹತ್ತು ಅಂಕಿಗಳನ್ನು ಒಮ್ಮೆಯೂ ಒತ್ತಿರಲಿಲ್ಲ.

ಮಕ್ಕಳು ಹಾಳು ಮಾಡಿದರು ಎಂದು ಓದುಗರು ತಿಳಿಯಬಾರದು. ಅವರು ಫೋನನ್ನು ಚೀಲದಲ್ಲಿಟ್ಟು ಲೆಕ್ಕ ಮಾಡುತ್ತಿದ್ದರು. ಆದರೆ ವೈಫೈ ಸಿಕ್ಕ ಕೂಡಲೇ ಫೋನುಗಳು ತಮ್ಮಷ್ಟಕ್ಕೆ ದಿನದ ಫೋಟೋ, ವಿಡಿಯೋಗಳನ್ನೆಲ್ಲ ಮೇಲಕ್ಕೆ ಕಳಿಸಲು ಶುರು ಮಾಡುತ್ತವೆ, ಆ್ಯಪ್‌ಗಳ ಹೊಸ ಆವೃತ್ತಿಗಳನ್ನು ಇಳಿಸಿಕೊಳ್ಳುತ್ತವೆ. ಇಪ್ಪತ್ತು ಫೋನುಗಳು ಒಂದೇ ಗಳಿಗೆಯಲ್ಲಿ ಹೀಗೆ ಮಾಡಿದರೆ ಮೊಮ್ಮಗನ ಕೈ ಅಲ್ಲೇ ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ. ವಿಡಿಯೋ ಕರೆಗೆ ಬೇಕಾದದ್ದು ದೊಡ್ಡ ವೇಗವಲ್ಲ, ತಡೆಯಿಲ್ಲದ ದಾರಿ.

ಪಟ್ಟಿಯಲ್ಲಿ ಇನ್ನೊಂದು ಸಾಲು ನನ್ನ ಕಣ್ಣಿಗೆ ಬಿತ್ತು. ಅದು ಒಂದು ಟಿವಿ. ದೊಡ್ಡಪ್ಪನ ಮನೆಯಲ್ಲಿರುವ ಟಿವಿಯ ಹೆಸರು ಬೇರೆ. ಇದು ಮಕ್ಕಳು ಹೋದ ಮೇಲೂ, ರಾತ್ರಿ ಹನ್ನೊಂದರವರೆಗೂ ಪಟ್ಟಿಯಲ್ಲೇ ಇತ್ತು.

ದೊಡ್ಡಪ್ಪನ ಆಕ್ಷೇಪ

ಪಾಸ್‌ವರ್ಡ್ ಬದಲಿಸೋಣ ಎಂದಾಗ ದೊಡ್ಡಪ್ಪ ಒಪ್ಪಲಿಲ್ಲ. “ಕೊಟ್ಟದ್ದನ್ನು ಕಿತ್ತುಕೊಂಡ ಹಾಗೆ ಆಗುತ್ತದೆ. ಮಾರ್ಚಿನಲ್ಲಿ ಪರೀಕ್ಷೆ ಇದೆ. ಗೊತ್ತಿಲ್ಲದವರನ್ನು ಮಾತ್ರ ತೆಗೆದುಹಾಕು” ಎಂದರು.

ಅದು ಕೇಳಲು ನ್ಯಾಯವಾಗಿದ್ದರೂ ನಡೆಯದ ಉಪಾಯ. ರೂಟರ್ ಒಂದು ಸಾಧನವನ್ನು ತಡೆಯುವುದು ಅದರ ಮ್ಯಾಕ್ ವಿಳಾಸ, ಅಂದರೆ ಸಾಧನವು ಜಾಲಕ್ಕೆ ತೋರಿಸುವ ಗುರುತಿನ ಸಂಖ್ಯೆ ನೋಡಿ. ಆಂಡ್ರಾಯ್ಡ್ 10 ಮತ್ತು ಐಫೋನಿನ ಐಒಎಸ್ 14ರಿಂದ ಈಚೆಗೆ ಫೋನುಗಳು ತಮ್ಮ ನಿಜವಾದ ವಿಳಾಸವನ್ನು ತೋರಿಸದೆ ಬೇರೊಂದನ್ನು ಸೃಷ್ಟಿಸಿಕೊಂಡು ಜಾಲಕ್ಕೆ ಬರುತ್ತವೆ. ಇಂದು ತಡೆದ ಫೋನ್ ನಾಳೆ ಇನ್ನೊಂದು ವಿಳಾಸ ಹೊತ್ತು ಬರಬಹುದು. ಕೀಲಿ ಎಲ್ಲರ ಕೈಯಲ್ಲಿರುವಾಗ ಬಾಗಿಲಲ್ಲಿ ಮುಖ ನೋಡಿ ತಡೆಯುವುದು ಕಾಯಂ ಕಾವಲುಗಾರನ ಕೆಲಸ, ಅದಕ್ಕೆ ಈ ಮನೆಯಲ್ಲಿ ಯಾರಿಗೂ ಬಿಡುವಿಲ್ಲ.

ಆದರೆ ಅವರ ಆಕ್ಷೇಪದ ಇನ್ನೊಂದು ಅರ್ಧವನ್ನು ನಾನು ಗಂಭೀರವಾಗಿ ತೆಗೆದುಕೊಂಡೆ. ಮಕ್ಕಳಿಗೆ ನೆಟ್ ಬೇಕಿತ್ತು. ಅದಕ್ಕೆ ರೂಟರ್‌ನಲ್ಲೇ ದಾರಿ ಇತ್ತು: ಅತಿಥಿ ಜಾಲ. ಅದೇ ಪೆಟ್ಟಿಗೆಯಿಂದ ಎರಡನೆಯ ಹೆಸರಿನ ವೈಫೈ ಹೊರಡುತ್ತದೆ, ಅದಕ್ಕೆ ಬೇರೆ ಪಾಸ್‌ವರ್ಡ್. ಅದರೊಳಗೆ ಬಂದವರಿಗೆ ಅಂತರ್ಜಾಲ ಸಿಗುತ್ತದೆ. ಮನೆಯ ಪ್ರಿಂಟರ್, ಕ್ಯಾಮೆರಾ, ಕಂಪ್ಯೂಟರ್ ಕಾಣುವುದಿಲ್ಲ. ವೇಗಕ್ಕೆ ಮಿತಿ ಹಾಕುವ ಸೌಲಭ್ಯ ಎಲ್ಲ ರೂಟರ್‌ಗಳಲ್ಲೂ ಇರುವುದಿಲ್ಲ, ಇದರಲ್ಲಿ ಅದೃಷ್ಟಕ್ಕೆ ಇತ್ತು. ಮಕ್ಕಳಿಗೆ 15 ಎಂಬಿಪಿಎಸ್ ಎಂದು ನಿಗದಿ ಮಾಡೋಣ ಎಂದೆ. ದೊಡ್ಡಪ್ಪ “ಇದಾದರೆ ಸರಿ” ಎಂದು ಕನ್ನಡಕ ಒರೆಸಿಕೊಂಡರು.

ಆಮೇಲೆ ಅವರು ಹೊಸ ಪಾಸ್‌ವರ್ಡಿಗೆ ತಮ್ಮದೇ ಸಲಹೆ ಕೊಟ್ಟರು: ಸ್ಕೂಟರಿನ ನೋಂದಣಿ ಸಂಖ್ಯೆ, ಅದರ ಮುಂದೆ ಮದುವೆಯಾದ ಇಸವಿ.

ಇಲ್ಲಿ ನಾನು ಉಪದೇಶ ಮಾಡಲಿಲ್ಲ, ಲೆಕ್ಕ ಕೊಟ್ಟೆ. ಅವರು ಗಣಿತದ ಮೇಷ್ಟ್ರು. ಡಬ್ಲ್ಯುಪಿಎ2 ಎಂಬ ಭದ್ರತಾ ವಿಧಾನದ ಮನೆಬಳಕೆಯ ವೈಫೈಯಲ್ಲಿ, ಫೋನ್ ಜಾಲಕ್ಕೆ ಸೇರುವ ಗಳಿಗೆಯಲ್ಲಿ ಅದೂ ರೂಟರ್ ಕೂಡ ಪರಸ್ಪರ ಗುರುತು ಹಿಡಿಯಲು ನಾಲ್ಕು ಸಂದೇಶಗಳನ್ನು ಕಳಿಸಿಕೊಳ್ಳುತ್ತವೆ. ಪಾಸ್‌ವರ್ಡ್ ಅದರಲ್ಲಿ ನೇರವಾಗಿ ಹೋಗುವುದಿಲ್ಲ. ಆದರೆ ಬೀದಿಯಲ್ಲಿ ನಿಂತವನು ಆ ಸಂದೇಶಗಳನ್ನು ಹಿಡಿದಿಟ್ಟುಕೊಂಡು ಮನೆಗೆ ಹೋಗಿ, ಒಂದೊಂದೇ ಪಾಸ್‌ವರ್ಡನ್ನು ಊಹಿಸಿ ತಾಳೆ ನೋಡಬಹುದು. ನಮ್ಮ ಬಾಗಿಲನ್ನು ಅವನು ಮತ್ತೆ ತಟ್ಟಬೇಕಾಗಿಲ್ಲ, ನಮಗೆ ತಿಳಿಯುವುದೂ ಇಲ್ಲ. ಊಹೆ ನಿಧಾನವಾಗಲಿ ಎಂದೇ ಪ್ರತಿ ಪಾಸ್‌ವರ್ಡನ್ನೂ ಜಾಲದ ಹೆಸರಿನೊಂದಿಗೆ ಬೆರೆಸಿ 4,096 ಸುತ್ತು ಅರೆಯುವಂತೆ ಆ ವ್ಯವಸ್ಥೆಯನ್ನು ಮಾಡಿದ್ದಾರೆ. ಹಾಗಿದ್ದರೂ ಇಂದಿನ ಒಂದು ಶಕ್ತ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 20 ಲಕ್ಷ ಊಹೆ ಮಾಡಬಲ್ಲದು. “ಈಗ ನೀವೇ ಹೇಳಿ ದೊಡ್ಡಪ್ಪ, ಎಷ್ಟು ಹೊತ್ತು?”

ಅವರು ಕಪ್ಪುಹಲಗೆಯ ಮುಂದೆ ನಿಂತರು. ನಮ್ಮ ದೇಶದ ಮೊಬೈಲ್ ಸಂಖ್ಯೆ 6, 7, 8 ಅಥವಾ 9ರಿಂದ ಆರಂಭವಾಗುತ್ತದೆ, ಉಳಿದ ಒಂಬತ್ತು ಸ್ಥಾನಗಳಲ್ಲಿ ಯಾವ ಅಂಕಿಯೂ ಬರಬಹುದು. ಒಟ್ಟು 400 ಕೋಟಿ. ಅದನ್ನು 20 ಲಕ್ಷದಿಂದ ಭಾಗಿಸಿದರೆ 2,000 ಸೆಕೆಂಡು, ಅಂದರೆ ಮೂವತ್ತಮೂರು ನಿಮಿಷ ಚಿಲ್ಲರೆ. ಸ್ಕೂಟರ್ ಸಂಖ್ಯೆಯಲ್ಲಿ ಕೆಎ 13 ಎಂಬುದು ಹಾಸನದವರಿಗೆಲ್ಲ ಗೊತ್ತಿರುವುದೇ. ಮುಂದಿನ ಎರಡು ಅಕ್ಷರ, ನಾಲ್ಕು ಅಂಕಿ ಸೇರಿದರೆ ಹೆಚ್ಚೆಂದರೆ 67 ಲಕ್ಷದ 60 ಸಾವಿರ. ನಾಲ್ಕು ಸೆಕೆಂಡು ಸಾಕು. ಮದುವೆಯ ಇಸವಿಗೆ ನೂರು ಆಯ್ಕೆ ಕೊಟ್ಟರೂ ಆರು ನಿಮಿಷದೊಳಗೆ ಮುಗಿಯುತ್ತದೆ. ದೊಡ್ಡಪ್ಪ ಸೀಮೆಸುಣ್ಣ ಕೆಳಗಿಟ್ಟು ತುಸು ಹೊತ್ತು ಹಲಗೆಯನ್ನೇ ನೋಡಿದರು.

ಮೊಬೈಲ್ ಸಂಖ್ಯೆಯನ್ನೇ ಪಾಸ್‌ವರ್ಡ್ ಮಾಡುವುದು ನಮ್ಮ ಊರಿನ ಅಭ್ಯಾಸ ಮಾತ್ರವಲ್ಲ. 2021ರಲ್ಲಿ ಸೈಬರ್‌ಆರ್ಕ್ ಎಂಬ ಕಂಪ್ಯೂಟರ್ ಭದ್ರತಾ ಸಂಸ್ಥೆಯ ಸಂಶೋಧಕರೊಬ್ಬರು ಇಸ್ರೇಲಿನ ಟೆಲ್ ಅವೀವ್‌ನಲ್ಲಿ ಓಡಾಡಿ 5,000 ವೈಫೈ ಜಾಲಗಳ ಸಂಕೇತಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಸುಮಾರು ಶೇ 70ರಷ್ಟರ ಪಾಸ್‌ವರ್ಡ್ ಕಂಡುಹಿಡಿದರು. ಅಲ್ಲಿಯೂ ಜನ ತಮ್ಮ ಮೊಬೈಲ್ ಸಂಖ್ಯೆಯನ್ನೇ ಇಟ್ಟುಕೊಂಡಿದ್ದದ್ದು ಅದಕ್ಕೆ ದೊಡ್ಡ ಕಾರಣ. ನಮ್ಮಲ್ಲಿ ಇದು ಹೆಚ್ಚಾಗಿ ಸಂಪರ್ಕ ಜೋಡಿಸಲು ಬಂದವರಿಂದಲೇ ಆರಂಭವಾಗುತ್ತದೆ. “ಮರೆಯಬಾರದಲ್ಲ, ನಿಮ್ಮ ನಂಬರನ್ನೇ ಇಡುತ್ತೇನೆ” ಎಂದು ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ.

ಐದು ಪದಗಳು

ದೊಡ್ಡಮ್ಮನ ಷರತ್ತು ಒಂದೇ: ನೆನಪಿರಬೇಕು, ಟಿವಿಯ ರಿಮೋಟ್‌ನಲ್ಲಿ ಒತ್ತಲು ಬರಬೇಕು. ಚಿಹ್ನೆ, ದೊಡ್ಡಕ್ಷರ, ಅಂಕಿ ಬೆರೆಸಿದ ಗೋಜಲನ್ನು ರಿಮೋಟ್‌ನ ಬಾಣದ ಗುಂಡಿಗಳಿಂದ ಒಮ್ಮೆ ಒತ್ತಿ ನೋಡಿದವರಿಗೆ ಆ ಷರತ್ತಿನ ಬೆಲೆ ಗೊತ್ತು. ವೈಫೈ ಪಾಸ್‌ವರ್ಡ್ 8ರಿಂದ 63 ಅಕ್ಷರಗಳವರೆಗೆ ಇರಬಹುದು. ಉದ್ದಕ್ಕೆ ಇಷ್ಟು ಜಾಗವಿರುವಾಗ ಗೋಜಲು ಯಾಕೆ? ಕನ್ನಡದ ಪದಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯೋಣ ಎಂದೆ. ಗಾದೆ, ವಚನದ ಸಾಲು, ದೇವರ ಹೆಸರು ಬೇಡ. ಊಹಿಸುವವರ ಪಟ್ಟಿಗೆ ಮೊದಲು ಸೇರುವುದು ಎಲ್ಲರ ಬಾಯಲ್ಲಿರುವುದೇ. ಒಂದಕ್ಕೊಂದು ಸಂಬಂಧವಿಲ್ಲದ ಪದಗಳಾಗಬೇಕು, ಆರಿಸುವುದು ನಮ್ಮ ಮನಸ್ಸಾಗಿರಬಾರದು. ದೊಡ್ಡಪ್ಪನ ಹಳೆಯ ಕನ್ನಡ ನಿಘಂಟನ್ನು ಕಣ್ಣು ಮುಚ್ಚಿ ತೆರೆದು ಬೆರಳಿಟ್ಟೆವು.

ಆಗ ನಾನು ಎಣಿಸಿರದ ತೊಡಕು ಎದುರಾಯಿತು. ಬೆರಳು ಬಿದ್ದ ಮೊದಲ ಪದ ‘ತೊಟ್ಟಿಲು’. ದೊಡ್ಡಮ್ಮ ‘ತ’ಕ್ಕೆ ‘ಟಿ’ ಮುಂದೆ ‘ಎಚ್’ ಹಾಕಿ ಬರೆದರು, ದೊಡ್ಡಪ್ಪ ‘ಎಚ್’ ಇಲ್ಲದೆ ಬರೆದರು, ನಾನು ಇನ್ನೊಂದು ರೀತಿ ಬರೆದೆ. ಒಂದು ಅಕ್ಷರ ತಪ್ಪಿದರೂ ಬಾಗಿಲು ತೆರೆಯದ ಜಾಗದಲ್ಲಿ ಮೂರು ಜನ ಮೂರು ಕಾಗುಣಿತ! ನಾವು ನಿಯಮ ಮಾಡಿಕೊಂಡೆವು. ತ, ಥ, ಟ, ದ, ಧ, ಡ ಇರುವ ಪದ ಬೇಡ. ದೀರ್ಘ ಸ್ವರ ಬೇಡ. ‘ಳ’ ಬಂದರೂ ಬಿಡು. ಒನಕೆ, ಬುಗುರಿ, ಮಜ್ಜಿಗೆಯಂಥ ಪದಗಳು ಉಳಿದವು. ಇವನ್ನು ಯಾರು ಬರೆದರೂ ಒಂದೇ ರೀತಿ ಬರೆಯುತ್ತಾರೆ. (ನಿಜವಾಗಿ ಇಟ್ಟ ಪದಗಳು ಇವಲ್ಲ.)

ಇಷ್ಟು ಜರಡಿ ಹಿಡಿದ ಮೇಲೆ ನಿಘಂಟಿನಲ್ಲಿ ಬಳಕೆಯ ಪದಗಳು ಎರಡು ಸಾವಿರವಷ್ಟೇ ಉಳಿದವು ಎಂದಿಟ್ಟುಕೊಂಡರೂ ಲೆಕ್ಕ ಹೀಗಾಗುತ್ತದೆ, ಇದನ್ನೂ ದೊಡ್ಡಪ್ಪನೇ ಮಾಡಿದರು: ನಾಲ್ಕು ಪದ ಇಟ್ಟರೆ ಎಲ್ಲ ಸಾಧ್ಯತೆಗಳನ್ನು ನೋಡಿ ಮುಗಿಸಲು ಅದೇ ಕಾರ್ಡಿಗೆ ಮೂರು ತಿಂಗಳು. ಐದನೆಯ ಪದ ಸೇರಿಸಿದರೆ ಐನೂರು ವರ್ಷ. “ಒಂದು ಪದಕ್ಕೆ ಇಷ್ಟೊಂದು ವ್ಯತ್ಯಾಸವೇ!” ಎಂದು ಅವರು ಹಲಗೆಯ ಮೇಲಿನ ಸೊನ್ನೆಗಳನ್ನು ಎರಡನೆಯ ಸಲ ಎಣಿಸಿದರು.

ಬದಲಿಸಿದ ದಿನ

ಮೊದಲ ಕೆಲಸ ದೊಡ್ಡಮ್ಮನದು. ಇನ್ನೂರು ಪುಟದ ನೋಟ್‌ಬುಕ್ ಹಿಡಿದು ಕೋಣೆ ಕೋಣೆ ತಿರುಗಿ ವೈಫೈ ಬಳಸುವುದನ್ನೆಲ್ಲ ಬರೆದರು: ಎರಡು ಫೋನ್, ಟಿವಿ, ಪಂಚಾಂಗ ನೋಡುವ ಟ್ಯಾಬ್, ಪ್ರಿಂಟರ್, ಕಂಪ್ಯೂಟರ್, ಗೀಸರಿನ ಸ್ಮಾರ್ಟ್ ಪ್ಲಗ್, ಗೇಟಿನ ಕ್ಯಾಮೆರಾ, ಹಿತ್ತಲಿನ ಕ್ಯಾಮೆರಾ. ಪಾಸ್‌ವರ್ಡ್ ಬದಲಿಸುವುದೆಂದರೆ ನಿಜವಾದ ಕೆಲಸ ಈ ಪಟ್ಟಿಯೇ ಎಂದು ನಾನು ನಂಬಿದ್ದೇನೆ. ರೂಟರ್‌ನಲ್ಲಿ ಹೊಸ ಪದ ಒತ್ತಲು ಎರಡು ನಿಮಿಷ. ಹಳೆಯದು ಎಲ್ಲೆಲ್ಲಿ ಬೇರು ಬಿಟ್ಟಿದೆ ಎಂದು ತಿಳಿಯಲು ಅರ್ಧ ದಿನ.

ರೂಟರ್‌ನ ಕೆಲಸವನ್ನು ಕೇಬಲ್ ಜೋಡಿಸಿದ ಲ್ಯಾಪ್‌ಟಾಪಿನಿಂದಲೇ ಮಾಡಿದೆ. ವೈಫೈ ಮೂಲಕ ಬದಲಿಸಿದರೆ ‘ಸೇವ್’ ಒತ್ತಿದ ಕ್ಷಣವೇ ನಾವು ಹೊರಗೆ ಬೀಳುತ್ತೇವೆ. ಒತ್ತುವಾಗ ಒಂದು ಅಕ್ಷರ ತಪ್ಪಿದ್ದರೆ ಒಳಗೆ ಹೋಗಿ ತಿದ್ದಲು ದಾರಿಯಿಲ್ಲ. ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿದೆ, ಏಕೆಂದರೆ ಅದನ್ನು ಬಿಟ್ಟು ವೈಫೈಯದನ್ನು ಮಾತ್ರ ಬದಲಿಸಿದರೆ ಒಳಗೆ ಬಂದ ಯಾರಾದರೂ ಎಲ್ಲವನ್ನೂ ತಿರುಗಿಸಬಹುದು. ಭದ್ರತೆಯನ್ನು ಹಳೆಯ ಮಿಶ್ರ ವಿಧಾನದಿಂದ ಡಬ್ಲ್ಯುಪಿಎ2 ಮತ್ತು ಅದರ ಗೂಢಲಿಪಿ ವಿಧಾನವಾದ ಎಇಎಸ್‌ಗೆ ತಂದೆ. ಗುಂಡಿ ಅಥವಾ ಪಿನ್ ಮೂಲಕ ಜೋಡಿಸುವ ಡಬ್ಲ್ಯುಪಿಎಸ್ ಸೌಲಭ್ಯವನ್ನು ಬಂದ್ ಮಾಡಿದೆ. ಅದರ ಎಂಟು ಅಂಕಿಯ ಪಿನ್ ಅನ್ನು ರೂಟರ್ ಎರಡು ತುಂಡು ಮಾಡಿ ಪರೀಕ್ಷಿಸುವುದರಿಂದ 11,000 ಊಹೆಗಳೊಳಗೆ ಸಿಕ್ಕಿಬಿಡುತ್ತದೆ ಎಂಬುದು 2011ರಿಂದಲೇ ಬಹಿರಂಗ.

ನಡುವೆ ದೊಡ್ಡಮ್ಮ ಸೆರಗಿನ ಪಿನ್ ತೆಗೆದು ರೂಟರ್‌ನ ಬೆನ್ನಿನ ಸಣ್ಣ ತೂತಿನ ಹತ್ತಿರ ಹಿಡಿದಿದ್ದರು. ಪಾಠದ ಹುಡುಗನೊಬ್ಬ “ಅಲ್ಲಿ ಒತ್ತಿದರೆ ಎಲ್ಲ ಹೊಸದಾಗುತ್ತದೆ ಅಜ್ಜಿ” ಎಂದಿದ್ದನಂತೆ. ನಾನು ಕೂಗಿ ತಡೆದೆ. ಆ ರೀಸೆಟ್ ಒತ್ತಿದರೆ ಕಂಪನಿಯವರು ತುಂಬಿದ ಸಂಪರ್ಕದ ವಿವರಗಳೂ ಅಳಿಸಿಹೋಗಬಹುದು. ಆಮೇಲೆ ತಂತ್ರಜ್ಞರು ಬರುವವರೆಗೆ ಮನೆಯಲ್ಲಿ ನೆಟ್ ಇರುವುದಿಲ್ಲ, ಅದೂ ಹಬ್ಬದ ರಜೆಯಲ್ಲಿ.

ಜಾಲದ ಹೆಸರನ್ನೂ ಬದಲಿಸಿದೆ. ದೊಡ್ಡಪ್ಪನ ಹೆಸರನ್ನು ಬೀದಿಗೆಲ್ಲ ಸಾರುವುದು ಬೇಡವೆಂಬುದು ಒಂದು ಕಾರಣ. ಹೆಸರು ಹಾಗೆಯೇ ಇದ್ದರೆ ಫೋನುಗಳು ಹಳೆಯ ಪಾಸ್‌ವರ್ಡ್ ಹಿಡಿದು ಮತ್ತೆ ಮತ್ತೆ ತಟ್ಟುತ್ತಲೇ ಇರುತ್ತವೆ, ಪ್ರತಿಯೊಂದರಲ್ಲೂ ‘ಫರ್ಗೆಟ್’ ಒತ್ತಬೇಕಾಗುತ್ತದೆ ಎಂಬುದು ಇನ್ನೊಂದು.

ಫೋನು, ಟಿವಿ, ಟ್ಯಾಬ್ ಬೇಗ ಮುಗಿದವು. ಪರದೆಯಿಲ್ಲದ ಸಾಧನಗಳು ಮಾತ್ರ ಸತಾಯಿಸಿದವು. ಏಣಿ ಹಾಕಿ ಗೇಟಿನ ಕ್ಯಾಮೆರಾವನ್ನು ರೀಸೆಟ್ ಮಾಡಿ, ಫೋನಿನಲ್ಲಿ ಬಂದ ಕ್ಯುಆರ್ ಕೋಡನ್ನು ಅದರ ಕಣ್ಣಿಗೆ ಹಿಡಿದರೆ ಮೂರು ಸಲವೂ ವಿಫಲ. ರೂಟರಿನ ವೈಫೈ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಗಳಲ್ಲಿ ಹೊರಡುತ್ತದೆ; ಅಂಥ ಕ್ಯಾಮೆರಾಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತವೆ. ನಮ್ಮ ರೂಟರ್ ಎರಡೂ ತರಂಗಗಳಿಗೆ ಒಂದೇ ಹೆಸರಿಟ್ಟಿತ್ತು, ನನ್ನ ಫೋನ್ 5 ಗಿಗಾಹರ್ಟ್ಸ್‌ನಲ್ಲಿ ಕೂತಿತ್ತು. 5ನ್ನು ಹತ್ತು ನಿಮಿಷ ಬಂದ್ ಮಾಡಿದ ಮೇಲೆ ಅದು ಒಪ್ಪಿತು. ಅಷ್ಟರಲ್ಲಿ ಕತ್ತಲಾಗಿತ್ತು, ಹಿತ್ತಲಿನದನ್ನು ನಾಳೆ ನೋಡೋಣವೆಂದು ಏಣಿ ಎತ್ತಿಟ್ಟೆವು.

ಅದು ನನ್ನ ತಪ್ಪು. ಆ ಕ್ಯಾಮೆರಾಗಳನ್ನು ಹಾಕಿಸಿದ್ದೇ ಜರ್ಮನಿಯ ಮಗಳು. ಅವಳಿಗೆ ನಾವು ಒಂದು ಮಾತೂ ಹೇಳಿರಲಿಲ್ಲ. ರಾತ್ರಿ ಒಂದೂವರೆಗೆ ಫೋನ್ ಬಂತು. ಹಿತ್ತಲು ಕತ್ತಲಾಗಿ ಎಂಟು ಗಂಟೆಯಾಯಿತು, ಅಪ್ಪ ಅಮ್ಮ ಫೋನ್ ಎತ್ತುತ್ತಿಲ್ಲ, ಏನಾಯಿತು ಎಂದು ಅವಳ ದನಿ ನಡುಗುತ್ತಿತ್ತು. ನನ್ನ ಕೆಲಸದ ಜಾಗದಲ್ಲಿ ಇಂಥ ಬದಲಾವಣೆ ಮಾಡುವ ಮೊದಲು ಬಾಧಿತರಿಗೆಲ್ಲ ತಿಳಿಸದೆ ನಾನು ಒಂದು ಗುಂಡಿಯನ್ನೂ ಮುಟ್ಟುವುದಿಲ್ಲ. ಮನೆ ಎಂಬ ಸಲಿಗೆಯಲ್ಲಿ ಅದನ್ನು ಬಿಟ್ಟಿದ್ದೆ. ದೊಡ್ಡಮ್ಮನ ನೋಟ್‌ಬುಕ್ಕಿನಲ್ಲಿ ಸಾಧನಗಳ ಪಟ್ಟಿಯ ಪಕ್ಕದಲ್ಲಿ ಈಗ ‘ಯಾರಿಗೆ ಹೇಳಬೇಕು’ ಎಂಬ ಇನ್ನೊಂದು ಕಾಲಂ ಇದೆ.

ಪಕ್ಕದ ಮನೆಯ ಟಿವಿ

ಮರುದಿನ ಬೆಳಿಗ್ಗೆ ಕಾಂಪೌಂಡಿನ ಆಚೆಯ ಯಜಮಾನರು ಬಂದರು. ಹಿಂದಿನ ದಿನವಷ್ಟೇ ಅವರ ಮನೆಯಿಂದ ಎಳ್ಳುಬೆಲ್ಲ ಬಂದಿತ್ತು. “ಮೇಷ್ಟ್ರೇ, ನಮ್ಮ ಟಿವಿಯಲ್ಲಿ ನೆಟ್ ಬರುತ್ತಿಲ್ಲ. ನಿಮ್ಮ ಮನೆಗೆ ಕಂಪ್ಯೂಟರ್ ತಿಳಿದವರು ಬಂದಿದ್ದಾರಂತೆ, ಸ್ವಲ್ಪ ನೋಡುತ್ತಾರಾ?”

ಹೋಗಿ ನೋಡಿದೆ. ಪಟ್ಟಿಯಲ್ಲಿ ಕಂಡ ಟಿವಿ ಅದೇ. ಎರಡು ವರ್ಷದ ಹಿಂದೆ ದೊಡ್ಡಪ್ಪನ ಬಳಿ ಪಾಠಕ್ಕೆ ಬರುತ್ತಿದ್ದ ಅವರ ಮೊಮ್ಮಗ ಜೋಡಿಸಿ ಹೋಗಿದ್ದ. ಅದು ಯಾರ ಮನೆಯ ನೆಟ್ ಎಂಬುದು ಯಜಮಾನರಿಗೆ ಗೊತ್ತೇ ಇರಲಿಲ್ಲ, ಕೇಬಲ್ ಹಣದಲ್ಲೇ ಬರುತ್ತದೆ ಎಂದುಕೊಂಡಿದ್ದರು. ತಿಳಿದಾಗ ಅವರ ಮುಖ ಸಣ್ಣದಾಯಿತು. ಅರ್ಧ ಹಣ ಕೊಡುತ್ತೇನೆ, ಇಷ್ಟು ದಿನದ್ದೂ ಸೇರಿಸಿ, ಎಂದರು.

ದೊಡ್ಡಪ್ಪ ಹಣವನ್ನೂ ಬೇಡವೆಂದರು, ಪಾಸ್‌ವರ್ಡನ್ನೂ ಕೊಡಲಿಲ್ಲ. ಇಷ್ಟು ವರ್ಷದ ನೆರೆಯವರಿಗೆ ಆ ಎರಡನೆಯದನ್ನು ಹೇಳುವುದು ಸುಲಭವಿರಲಿಲ್ಲ. ಲೈನ್ ನನ್ನ ಹೆಸರಿನಲ್ಲಿದೆ, ಅದರಲ್ಲಿ ಯಾರು ಏನು ಮಾಡಿದರೂ ಮೊದಲು ಕೇಳುವುದು ನನ್ನನ್ನೇ ಎಂದು ಬಿಡಿಸಿ ಹೇಳಿದರು. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಗಳ ಹೊಣೆ ಹೊತ್ತ ಇಮೇಲ್ ನವಿ ಮುಂಬೈಯಲ್ಲಿ ವಾಸವಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಯ ವೈಫೈಯಿಂದ ಹೋಗಿತ್ತು. ಕಳಿಸಿದವರು ಬೇರೆಯವರು. ಆದರೂ ಪೊಲೀಸರು ಮೊದಲು ಹೋದದ್ದು ಆ ಮನೆಗೆ. ಹಿಂದಿನ ದಿನ ನಾನು ಹೇಳಿದ್ದ ಈ ಸಂಗತಿಯನ್ನು ದೊಡ್ಡಪ್ಪ ನೆನಪಿಟ್ಟುಕೊಂಡಿದ್ದರು. ಯಜಮಾನರು ಕಾಫಿ ಮುಗಿಸಿ, “ನೀವು ಹೇಳುವುದು ಸರಿ ಮೇಷ್ಟ್ರೇ” ಎಂದು ಹೋದರು. ಮುಂದಿನ ವಾರ ಅವರ ಮನೆಗೆ ಬೇರೆ ಸಂಪರ್ಕ ಬಂತು. ಅದರ ಪಾಸ್‌ವರ್ಡ್ ಇಟ್ಟುಕೊಡಲು ದೊಡ್ಡಪ್ಪನೇ ನಿಘಂಟು ಹಿಡಿದು ಹೋದರಂತೆ.

ಏಳು ಗಂಟೆಯ ಕರೆ ಅಂದಿನಿಂದ ಸರಾಗವಾಗಿದೆ. ಇದರ ಪೂರ್ತಿ ಶ್ರೇಯ ಪಾಸ್‌ವರ್ಡಿಗೆ ಸಲ್ಲದು. ಷೋಕೇಸಿನಲ್ಲಿ ಹಿತ್ತಾಳೆ ಪಾತ್ರೆಗಳ ಹಿಂದೆ ಕೂತಿದ್ದ ರೂಟರನ್ನು ನಾನು ಹೊರಗೆ, ನಡುಮನೆಯ ಗೋಡೆಗೆ ತಂದಿದ್ದೆ. ಲೋಹದ ಹಿಂದೆ ಇಟ್ಟ ರೂಟರ್‌ನಿಂದ ಒಳ್ಳೆಯ ಸಂಕೇತ ಬರಲಾರದು.

ಇನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂದು ದೊಡ್ಡಪ್ಪ ಕೇಳಿದರು. ತಿಂಗಳಿಗೊಮ್ಮೆ ಎಂದು ಹಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಕಾರಣವಿಲ್ಲದೆ ಮತ್ತೆ ಮತ್ತೆ ಬದಲಿಸಲು ಹೇಳಿದರೆ ಜನ ಕೊನೆಯ ಅಂಕಿಯನ್ನಷ್ಟೇ ಏರಿಸುತ್ತಾರೆ. ಅಮೆರಿಕ ಸರ್ಕಾರದ ಮಾನದಂಡಗಳ ಸಂಸ್ಥೆಯಾದ ನಿಸ್ಟ್ ಕೂಡ 2017ರ ತನ್ನ ಮಾರ್ಗಸೂಚಿಯಲ್ಲಿ, ಸೋರಿಕೆಯ ಸುಳಿವಿಲ್ಲದೆ ಅವಧಿಗೊಮ್ಮೆ ಪಾಸ್‌ವರ್ಡ್ ಬದಲಿಸಲು ಒತ್ತಾಯಿಸಬಾರದು ಎಂದಿತು. ಮನೆಯ ಜಾಲದ ಐದು ಪದಗಳು ಹಾಗೆಯೇ ಇರಲಿ. ಫೋನ್ ಕಳೆದರೆ, ಹೊರಗಿನವರಿಗೆ ಕೊಡಬೇಕಾಗಿ ಬಂದಿದ್ದರೆ ಆಗ ಬದಲಿಸೋಣ. ಮಕ್ಕಳ ಜಾಲದ್ದನ್ನು ತಂಡ ಬದಲಾದಾಗ, ಅಂದರೆ ಜೂನ್ ತಿಂಗಳಲ್ಲಿ ವರ್ಷಕ್ಕೊಮ್ಮೆ ಬದಲಿಸುವುದೆಂದು ನಿಶ್ಚಯವಾಯಿತು.

ಆ ಜೂನ್‌ನಲ್ಲಿ ನಾನು ಅಲ್ಲಿದ್ದೆ. ಮೊದಲ ದಿನದ ಪಾಠ ಎಣಿಕೆಯದು. ಹಲಗೆಯ ಮೇಲೆ 400 ಕೋಟಿ, 20 ಲಕ್ಷ, ಐನೂರು ವರ್ಷ ಎಲ್ಲವೂ ಇದ್ದವು. ನಿಘಂಟು ಕೈಯಿಂದ ಕೈಗೆ ಹೋಗುತ್ತಿತ್ತು, ಒಬ್ಬೊಬ್ಬರು ಕಣ್ಣು ಮುಚ್ಚಿ ಒಂದೊಂದು ಪದ ಆರಿಸುತ್ತಿದ್ದರು. ಕೊನೆಯ ಸಾಲಿನ ಹುಡುಗಿಯೊಬ್ಬಳು ಬೆರಳಿಟ್ಟು “ತಂಬೂರಿ, ಸರ್” ಎಂದಳು.

“ತ ಬೇಡಮ್ಮ, ದೀರ್ಘವೂ ಬೇಡ” ಎಂದರು ದೊಡ್ಡಪ್ಪ. “ಇನ್ನೊಂದು ಪುಟ ತೆಗೆ.”